ಎಡಗಡೆ ಮಲಗಿದವಳು

ಅಮ್ಮನಿಗೆ ಲಕ್ವಾ ಹೊಡೆದು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದ ಮೊದಲ ವಾರದಲ್ಲೇ ಅವಳು ನನ್ನನ್ನು ಬಲಗೈ ಸನ್ನೆಯಿಂದ ಹತ್ತಿರ ಕರೆದು, ತನ್ನನ್ನು ಸ್ವಲ್ಪ ಈಚೆ ಸರಿಸಬೇಕು, ಅಕ್ಕನಿಗೆ ಮಲಗಲು ಜಾಗ ಸಾಲುತ್ತಿಲ್ಲ ಎಂದಳು. ಮಾತು ತೊದಲುತ್ತಿತ್ತು, ಆದರೆ ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. ನಾನು ಮಂಚದ ಆಚೆ ಬದಿಗೆ ಇಣುಕಿದೆ. ಅಲ್ಲಿ ಗೋಡೆ ಇತ್ತು. ಗೋಡೆಗೆ ಒತ್ತಿಕೊಂಡು ಅಮ್ಮನದೇ ಎಡಗೈ ಬಿದ್ದಿತ್ತು. ನನ್ನ ಅಕ್ಕ ತೀರಿಕೊಂಡು ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ಯಾವ ಅಕ್ಕ ಎಂದು ಕೇಳಿದೆ. ಕೇಳಬಾರದಿತ್ತು. ಅಮ್ಮ ಪೆದ್ದಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, ಬಲಗೈಯಿಂದ ಆ ಕೈಯನ್ನು ತಡಕಿ ಹಿಡಿದು, ಎತ್ತಿ ತೋರಿಸಿದಳು.

"ಇದ್ಯಾರ ಕೈ ಮತ್ತೆ? ನಿಂದಾ?"

ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ದೇಹದ ಎಡಭಾಗ ತನ್ನದು ಎನ್ನುವುದೇ ಮರೆತುಹೋಗುತ್ತದಂತೆ. ಅದು ಅಳಿಯನ ಕೈ ಅನ್ನುವವರಿದ್ದಾರೆ, ನರ್ಸಿನ ಕೈ ಎಂದು ಬೈಯುವವರಿದ್ದಾರೆ, ಹೆದರಬೇಡಿ ಎಂದು ನಕ್ಕರು. ಅವರಿಗೇನು, ನಗಬಹುದು. ಅವರ ಮನೆಯ ಚಾಪೆಯ ಕತೆಯಲ್ಲವಲ್ಲ ಅದು.

ಚಾಪೆಯ ಕತೆ ಎಂದರೆ ಇಷ್ಟೇ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಮಲಗಲು ಇದ್ದದ್ದು ಒಂದೇ ಕೋಣೆ. ಅಪ್ಪ ಹೆಚ್ಚಿನ ದಿನ ಬೋಟಿನಲ್ಲೇ ಇರುತ್ತಿದ್ದ. ಚಾಪೆಯ ನಡುವೆ ಅಮ್ಮ, ಅವಳ ಎಡಗಡೆ ಗೋಡೆಯ ಬದಿಗೆ ಅಕ್ಕ, ಬಲಗಡೆ ಬಾಗಿಲ ಬದಿಗೆ ನಾನು. ನಡುವೆ ಎದ್ದು ಹೊರಗೆ ಹೋಗಬೇಕೆಂದು ಹಟ ಮಾಡುವವಳು ನಾನಾದ್ದರಿಂದ ನನಗೆ ಬಾಗಿಲು. ಅಕ್ಕ ಮಲಗಿದಳೆಂದರೆ ಕೊರಡು. ಬೆಳಿಗ್ಗೆ ಅಮ್ಮನೇ ಅವಳ ಕೈ ಹಿಡಿದು ಎತ್ತಿ ಕೂರಿಸಬೇಕಿತ್ತು. ಹೊಳೆ ಸಮುದ್ರ ಸೇರುವಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೋಗುವುದು ನಮ್ಮ ಕೇರಿಯ ಹೆಂಗಸರ ಕೆಲಸ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಾಯಿತು ಏಳು ಎಂದು ಯಾರೂ ಹೇಳುತ್ತಿರಲಿಲ್ಲ. "ಏಳು ಮಗಾ, ನೀರು ಇಳೀತು" ಎನ್ನುತ್ತಿದ್ದಳು ಅಮ್ಮ.

ಅಕ್ಕನ ಮದುವೆ ನಿಶ್ಚಯವಾಗಿತ್ತು. ಬಳೆಗಾರ್ತಿಗೆ ಬರಲು ಹೇಳಿಯಾಗಿತ್ತು, ಹಸಿರು ಗಾಜಿನ ಬಳೆ ಎಂದೂ ಹೇಳಿಯಾಗಿತ್ತು. ಆ ವಾರವೇ ಒಂದು ಬೆಳಿಗ್ಗೆ ಬಳಚಿಗೆ ಹೋದವಳು ಉಬ್ಬರ ಏರಿದಾಗ ಎಲ್ಲರೊಡನೆ ವಾಪಸು ಬರಲಿಲ್ಲ. ಮರುದಿನ ಸಿಕ್ಕಿದಳು. ಅವಳನ್ನು ನಮ್ಮೂರ ಸರಕಾರಿ ಆಸ್ಪತ್ರೆಯ ಹಿಂದಿನ ಕೋಣೆಗೆ ಒಯ್ದರು. ಆ ಕೋಣೆಯ ಎದುರು ಹೊನ್ನೆ ಮರದ ಬುಡದಲ್ಲಿ ಅಮ್ಮ ಕೂತಿದ್ದಳು, ಅಳದೆ. ನನ್ನನ್ನು ಯಾರೋ ಎತ್ತಿಕೊಂಡು ರಸ್ತೆಗೆ ಕರೆದುಕೊಂಡು ಬಂದರು. ಆ ಮೇಲೆ ಮನೆಯಲ್ಲಿ ಅಕ್ಕನ ಹೆಸರೆತ್ತಿದವರಿಲ್ಲ. ಅಪ್ಪ ಹೋದಾಗಲೂ ಎತ್ತಲಿಲ್ಲ.

ಈಗ ಅವಳು ಆಸ್ಪತ್ರೆಯ ಮಂಚದ ಮೇಲೆ, ತನ್ನ ಹಳೆಯ ಜಾಗದಲ್ಲೇ, ಅಮ್ಮನ ಎಡಗಡೆ ಬಂದು ಮಲಗಿದ್ದಳು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಗಟ್ಟಿಯಾಗಿ ಹೇಳಿದರು. ಮೊದಲ ಕೆಲವು ತಿಂಗಳಲ್ಲಿ ವ್ಯಾಯಾಮ ಮಾಡಿಸಿದರೆ ಕೈಕಾಲು ತಿರುಗಿ ಬರಬಹುದು, ಬಿಟ್ಟರೆ ಬಿಟ್ಟ ಹಾಗೇ, ಫಿಸಿಯೋಥೆರಪಿ ಮಾಡುವವರನ್ನು ಹತ್ತಿರದಲ್ಲೇ ಹುಡುಕಿಕೊಳ್ಳಿ. ಮನೆಯಲ್ಲಿರುವುದು ನಾವಿಬ್ಬರೇ. ನಾನು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು, ರಜೆ ಹಾಕಿದರೆ ಸಂಬಳ ಹೋಯಿತು, ಹಗಲು ಪಕ್ಕದ ಮನೆಯವರು ಬಂದು ಅಮ್ಮನನ್ನು ನೋಡಿಕೊಳ್ಳಬೇಕು. ಅಮ್ಮ ತಾನಾಗಿ ಎದ್ದು ನಿಲ್ಲದಿದ್ದರೆ ನಮ್ಮಿಬ್ಬರ ಬದುಕೂ ಅಲ್ಲಿಗೇ ನಿಂತಂತೆ. ನಮ್ಮ ಹತ್ತಿರ ಇದ್ದದ್ದು ಪಡಿತರ ಚೀಟಿಯ ಮೇಲೆ ಮಾಡಿಸಿದ ಸರಕಾರದ ಆರೋಗ್ಯ ಕಾರ್ಡು ಒಂದೇ.

ಆ ಕಾರ್ಡು ಹಿಡಿದುಕೊಂಡು ನಾನು ತಿರುಗಿದ ತಿರುಗಾಟ ಆ ದೇವರಿಗೇ ಪ್ರೀತಿ. ಭಟ್ಕಳದಲ್ಲಿ ತಣ್ಣಗಿನ ಕೋಣೆಯಲ್ಲಿ ಕೂತಿದ್ದ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಆಪರೇಶನ್ ಆದವರಿಗೆ, ವ್ಯಾಯಾಮಕ್ಕೆ ನಡೆಯುವುದಿಲ್ಲ ಎಂದು ವಾಪಸು ಕೊಟ್ಟಳು. ಕುಮಟಾದಲ್ಲಿ ಒಬ್ಬರು ತುಂಬಾ ಮರ್ಯಾದೆಯಿಂದ ಕೂರಿಸಿ, ರೋಗಿ ದಾಖಲಾಗಿದ್ದರೆ ಕಾರ್ಡು ನಡೆಯುತ್ತದೆ, ಬಂದು ಹೋಗುವವರಿಗಿಲ್ಲ ಎಂದರು. ಹಾಗಾದರೆ ದಾಖಲು ಮಾಡಿಕೊಳ್ಳಿ ಎಂದೆ. ದಾಖಲು ಮಾಡಿಕೊಳ್ಳಲು ಸರಕಾರಿ ಡಾಕ್ಟರ ಚೀಟಿ ಬೇಕು, ಕಾಯಿಲೆ ಬೇಕಲ್ಲ ಎಂದರು. ಅಮ್ಮನ ಅರ್ಧ ದೇಹ ಸತ್ತು ಮಲಗಿದೆ, ಇನ್ನೆಂಥ ಕಾಯಿಲೆ ತರಲಿ ಎಂದು ಜೋರಾಗಿಯೇ ಕೇಳಿದೆ. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಹೊನ್ನಾವರದಲ್ಲಿ ಒಂದು ಕಡೆ ಬೋರ್ಡಿತ್ತು, ಒಳಗೆ ಜನರಿರಲಿಲ್ಲ. ಶಾಲೆ ಬಿಟ್ಟ ಮೇಲೆ ಹೆದ್ದಾರಿಯಲ್ಲಿ ಟೆಂಪೋಗೆ ಕೈ ಮಾಡುವುದು, ಹೋಗುವುದು, ಇಲ್ಲ ಎನ್ನಿಸಿಕೊಳ್ಳುವುದು, ಬರುವುದು. ಬರುವ ದಾರಿಯಲ್ಲಿ ಸೇತುವೆ ಸಿಕ್ಕಾಗಲೆಲ್ಲ ನಾನು ಕೆಳಗೆ ನೋಡದೆ ಮುಖ ತಿರುಗಿಸುತ್ತಿದ್ದೆ. ಅದು ಹಳೆಯ ಅಭ್ಯಾಸ.

ಹೀಗೆ ದಿನ ಹೋಗುತ್ತಿರುವಾಗ ಒಂದು ಮಧ್ಯಾಹ್ನ ಬಳೆಗಾರ್ತಿ ನಮ್ಮ ಕೇರಿಗೆ ಬಂದಳು. ಅಮ್ಮ ಕಿಟಕಿಯಿಂದ ಅವಳ ಕೂಗು ಕೇಳಿ ಕರೆಸು ಎಂದು ಹಟ ಹಿಡಿದಳು. ಬಂದವಳು ಬುಟ್ಟಿ ಇಳಿಸಿ, ಅಮ್ಮನ ಬೋಳು ಕೈ, ಬೋಳು ಹಣೆ ನೋಡಿ, ಬಳೆ ಯಾರಿಗೆ ಎಂದು ನನ್ನನ್ನು ಕೇಳಿದಳು. ನಮ್ಮಲ್ಲಿ ಗಂಡ ಸತ್ತವಳ ಕೈಗೆ ಹಸಿರು ಬಳೆ ಹಾಕುವುದಿಲ್ಲ, ಬಳೆಗಾರ್ತಿಯರಂತೂ ಮುಟ್ಟುವುದೇ ಇಲ್ಲ.

"ನಂಗಲ್ಲ, ಇವ್ಳಿಗೆ," ಎಂದು ಅಮ್ಮ ಎಡಗೈಯನ್ನು ಎತ್ತಿ ಮುಂದಿಟ್ಟಳು. "ಹಸ್ರು ಬಳೆ. ಆಗ್ಳೇ ಹೇಳಿಟ್ಟಿದ್ದೆ ಅಲ್ದಾ?"

ಬಳೆಗಾರ್ತಿ ನನ್ನ ಮುಖ ನೋಡಿದಳು. ಇಲ್ಲ ಎನ್ನಬಹುದಿತ್ತು. ನಾನು ಹಾಕು ಎಂದೆ. ಯಾಕೆ ಹಾಗೆಂದೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಅಕ್ಕನಿಗೆ ಹಾಕಬೇಕಾದ ಬಳೆ ಹಾಗೇ ಉಳಿದುಹೋಗಿತ್ತು ಎನ್ನುವುದು ನನ್ನ ಮನಸ್ಸಿನಲ್ಲೂ ಎಲ್ಲೋ ಕೂತಿತ್ತೋ ಏನೋ. ಬಳೆಗಾರ್ತಿ ಆ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು ಹೆಬ್ಬೆರಳನ್ನು ಒಳಕ್ಕೆ ಮಡಿಚಿ, ಒಂದೊಂದಾಗಿ ಏರಿಸಿದಳು. ಕೈ ಎಲ್ಲೂ ಬಿಗಿಯಲಿಲ್ಲ. ವರ್ಷಾನುಗಟ್ಟಲೆ ಮೀನು ಬುಟ್ಟಿ ಹೊತ್ತ ಕೈ ಮಲಗಿ ಮಲಗಿ ಮೆತ್ತಗಾಗಿತ್ತು.

"ಎಷ್ಟ್ ಮೆತ್ತನೆ ಕೈ ಮಾರಾಯ್ತಿ, ಮದಿಮಗ್ಳ ಕೈಯೇ," ಎಂದು ಅಭ್ಯಾಸ ಬಲದಿಂದ ಅಂದುಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು. ಅಮ್ಮ ನಕ್ಕಳು. ಲಕ್ವಾ ಹೊಡೆದ ಮೇಲೆ ಅಮ್ಮ ನಕ್ಕಿದ್ದು ಅದೇ ಮೊದಲು, ಅದೂ ಅರ್ಧ ಮುಖದಲ್ಲಿ.

ಕೇರಿಯವರು ಬಿಡುತ್ತಾರೆಯೇ. ತಾಯಿಗೆ ತಲೆ ಸರಿಯಿಲ್ಲ ಸರಿ, ಮಗಳಿಗೇನು ಬಂತು ಎಂದರು. ನನಗೆ ಬಂದದ್ದು ಹೊಟ್ಟೆಕಿಚ್ಚು, ಹೇಳಿಬಿಡುತ್ತೇನೆ. ಉಚ್ಚೆ ಬಳಿಯುವವಳು ನಾನು, ಗಂಜಿ ಕುಡಿಸುವವಳು ನಾನು, ಕಾರ್ಡು ಹಿಡಿದು ಊರೂರು ಅಲೆಯುವವಳು ನಾನು. ಅಮ್ಮ ಕೇಳುವುದು ಮಾತ್ರ ಅಕ್ಕ ಉಂಡಳೋ ಎಂದು. ಸತ್ತವಳಿಗೆ ಬಳೆ, ಬದುಕಿದವಳಿಗೆ ಬೈಗಳು. ಆದರೂ ಮುಸ್ಸಂಜೆ ದೀಪ ಹಚ್ಚಿ ಅಮ್ಮನ ಎಡಬದಿಗೆ ಕೂತು ಆ ಕೈಗೆ ಎಣ್ಣೆ ತಿಕ್ಕುವಾಗ ಬಳೆ ಕಿಣಿ ಎಂದರೆ ಯಾರೋ ಕರೆದ ಹಾಗೆ ನಾನು ತಲೆ ಎತ್ತುತ್ತಿದ್ದೆ. ಅಮ್ಮ ನಿದ್ದೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು ನಾನೂ ಆ ಕೈಯೊಡನೆ ಮಾತಾಡತೊಡಗಿದೆ. ಶಾಲೆಯ ಮಾತು, ಟೆಂಪೋದ ಮಾತು, ಅವಳು ಹೋದ ಮೇಲೆ ಆದದ್ದೆಲ್ಲ. ನಾನೀಗ ಅವಳಿಗಿಂತ ಎಷ್ಟೋ ದೊಡ್ಡವಳು ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಕುಮಟಾದವರು ಹೇಳಿದ ಹಾಗೆ ದಾಖಲು ಮಾಡಿಸಲು ಸರಕಾರಿ ಡಾಕ್ಟರ ಚೀಟಿ ಬೇಕಿತ್ತು. ಅದಕ್ಕೆಂದು ಒಂದು ಬೆಳಿಗ್ಗೆ ನಮ್ಮದೇ ಊರಿನ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಯಾವ ಊರು ಎಂದು ಬರೆಯುವುದಿಲ್ಲ, ಬರೆದರೆ ಅಲ್ಲಿಯವರಿಗೆ ನನ್ನ ಮನೆ ಗೊತ್ತಾಗುತ್ತದೆ. ಡಾಕ್ಟರು ನನ್ನ ಪುರಾಣವನ್ನೆಲ್ಲ ಕೇಳಿ, ಅಲ್ಲಮ್ಮಾ, ಫಿಸಿಯೋಥೆರಪಿ ನಮ್ಮಲ್ಲೇ ಇದೆ, ಈ ಕಾರ್ಡು ತೋರಿಸಿದರೆ ಸಾಕು, ಬೇರೆ ಏನೂ ಬೇಡ, ನೀವು ಭಟ್ಕಳ ಕುಮಟಾ ಎಂದು ಯಾಕೆ ಓಡಾಡಿದಿರಿ ಎಂದರು. ಎಲ್ಲಿ ಎಂದು ಕೇಳಿದೆ. ಹಿಂದುಗಡೆ ಎಂದರು.

ಹಿಂದುಗಡೆ ಏನಿದೆ ಎಂದು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಬದಿಯಿಂದ ಹಿಂದಕ್ಕೆ ಹೋಗುವ ಆ ದಾರಿಗೆ ನಾವು ಕೊಯ್ಯುವ ಕೋಣೆಯ ದಾರಿ ಎನ್ನುತ್ತೇವೆ. ನೀರಲ್ಲಿ ಸಿಕ್ಕವರ ಹೆಣ ತರುವುದು ಅಲ್ಲಿಗೇ. ಬೋಟಿನವರ ಮನೆಯವರು ಚುಚ್ಚುಮದ್ದಿಗೆ ಬರುತ್ತಾರೆ, ಹೆರಿಗೆಗೆ ಬರುತ್ತಾರೆ, ಆದರೆ ಆ ಬದಿಗೆ ಕಣ್ಣು ಹಾಕುವುದಿಲ್ಲ, ಮಕ್ಕಳು ಓಡಿದರೆ ಬೈದು ಎಳೆದುಕೊಂಡು ಬರುತ್ತಾರೆ. ಯಾರೂ ಹೋಗದ ಕಾರಣ ಅಲ್ಲಿ ಹೊಸ ಕೋಣೆ ಕಟ್ಟಿದ್ದು, ಬೋರ್ಡು ಹಾಕಿದ್ದು ಯಾರಿಗೂ ತಿಳಿದಿರಲಿಲ್ಲ. ನಾನು ಓದಿದವಳು, ನಾನೂ ಅತ್ತ ನೋಡಿರಲಿಲ್ಲ. ಮೂರು ತಾಲೂಕು ಸುತ್ತಿದೆನೇ ಹೊರತು ಆ ಗೋಡೆಯ ಮೂಲೆ ತಿರುಗಲಿಲ್ಲ.

ಮರುದಿನ ಅಮ್ಮನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ರಿಕ್ಷಾ ಗೇಟು ದಾಟಿ ಬದಿಯ ದಾರಿಗೆ ತಿರುಗುವವರೆಗೂ ಅವಳು ಸುಮ್ಮನಿದ್ದಳು. ಹೊನ್ನೆ ಮರ ಕಂಡದ್ದೇ ಬಲಗೈಯಿಂದ ಎಡಗೈಯನ್ನು ಅವಚಿಕೊಂಡು ಸೆರಗಿನೊಳಗೆ ಮುಚ್ಚಿದಳು.

"ಇಲ್ಲಿಗೆ ಎಂತಕೆ? ಇವ್ಳನ್ನ ಇಲ್ಲಿಗೆ ತರೂದು ಬ್ಯಾಡ."

ಕಾಲಿಗೆ ವ್ಯಾಯಾಮ ಮಾಡಿಸುವುದಕ್ಕೆ ಬಂದದ್ದು ಎಂದೆ. ಅಕ್ಕನಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ.

"ಒಂದ್ ಸಲ ಇಲ್ಲಿ ಬಿಟ್ಟಿದ್ದು ಸಾಕು," ಎಂದಳು ಅಮ್ಮ.

ಅವಳಿಗೆ ಎಲ್ಲ ಗೊತ್ತಿತ್ತು. ಸತ್ತದ್ದೂ ಗೊತ್ತು, ಪಕ್ಕದಲ್ಲಿ ಇರುವುದೂ ಗೊತ್ತು. ಎರಡೂ ಒಟ್ಟಿಗೆ ಗೊತ್ತಿರುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ, ಹೆದರಿಕೆಯಂತೂ ಆಯಿತು. ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ. ಹಾಗೇ ನಡೆಸು ಎಂದೆ.

ಥೆರಪಿ ಮಾಡುವವಳು ಭಟ್ಕಳದ ನವಾಯತ ಮುಸ್ಲಿಮರ ಮನೆಯ ಹೆಂಗಸು. ಅಮ್ಮ ಒಂದು ಕಾಲದಲ್ಲಿ ಭಟ್ಕಳದ ಓಣಿಗಳಲ್ಲಿ ಮೀನು ಮಾರಿದವಳಾದ್ದರಿಂದ ಅವರ ಮಾತು ಅಷ್ಟಿಷ್ಟು ಬರುತ್ತಿತ್ತು. ಇಬ್ಬರೂ ಇಸ್ವಾಣ ಮೀನಿನ ವಿಷಯ ಮಾತಾಡಿಕೊಂಡು ಒಂದೇ ದಿನದಲ್ಲಿ ಸ್ನೇಹಿತೆಯರಾದರು. ಕಾಲಿನ ಕೆಲಸ ಸರಾಗ ನಡೆಯಿತು. ಸರಳು ಹಿಡಿದು ನಿಲ್ಲುವುದು, ಹೆಜ್ಜೆ ಎತ್ತುವುದು ಎಲ್ಲ ಅಮ್ಮ ಬೈದುಕೊಂಡೇ ಮಾಡಿದಳು. ಕೈಯ ಸರದಿ ಬಂದರೆ ಮಾತ್ರ ಇಲ್ಲ. ಥೆರಪಿಯವಳು ಆ ಕೈಯನ್ನು ಎತ್ತಿದರೆ ಮಗಳಿಗೆ ನೋವಾಗುತ್ತದೆ ಎಂದು ಅಮ್ಮ ಕಿತ್ತುಕೊಳ್ಳುತ್ತಿದ್ದಳು. ತಾನಾಗಿ ಎತ್ತು ಎಂದರೆ, ಮಲಗಿದವಳನ್ನು ಯಾಕೆ ಎತ್ತಲಿ ಎನ್ನುತ್ತಿದ್ದಳು.

ಥೆರಪಿಯವಳು ನನ್ನನ್ನು ಹೊರಗೆ ಕರೆದು ಎರಡು ಮಾತು ಹೇಳಿದಳು. ಹೌದು ಅಕ್ಕ ಇದ್ದಾಳೆ ಎಂದು ಒಪ್ಪಬೇಡಿ, ಇಲ್ಲ ಎಂದು ಜಗಳವೂ ಬೇಡ. ಬಳೆ ತೆಗೆಯಬೇಡಿ, ಸದ್ದಾದರೆ ಆ ಬದಿಗೆ ನೋಡುತ್ತಾರೆ, ಅಷ್ಟಾದರೂ ಆಗಲಿ. ಆದರೆ ಬೇಗ ಏನಾದರೂ ದಾರಿ ಹುಡುಕಬೇಕು, ಕೈ ಬಿಗಿಯತೊಡಗಿದೆ, ಹೀಗೇ ಬಿಟ್ಟರೆ ಆಮೇಲೆ ಯಾರಿಂದಲೂ ಆಗುವುದಿಲ್ಲ. ನಾನು ಆ ಮರದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಎದುರಿನ ಕೋಣೆಗೆ ಬೀಗ ಹಾಕಿತ್ತು. ಏನು ಹೇಳಬೇಕೆಂದು ನನಗೆ ಆಗಲೇ ಹೊಳೆದಿತ್ತು.

ಒಳಗೆ ಹೋಗಿ ಅಮ್ಮನ ಕಿವಿಯ ಹತ್ತಿರ ಬಗ್ಗಿದೆ.

"ಅಮ್ಮಾ, ಅವ್ಳನ್ನ ಎಬ್ಸು. ನೀರು ಇಳೀತು."

ಅಮ್ಮ ತಲೆ ತಿರುಗಿಸಿದಳು. ಎಡಗಡೆಗೆ, ಪೂರ್ತಿಯಾಗಿ, ತಾನಾಗಿ. ಆಮೇಲೆ ಬಲಗೈಯ ಬೆರಳುಗಳನ್ನು ಆ ಬೆರಳುಗಳೊಳಗೆ ಹೆಣೆದು, "ಏಳು ಮಗಾ, ನೀರು ಇಳೀತು" ಎನ್ನುತ್ತಾ ಎರಡೂ ಕೈಗಳನ್ನು ಒಟ್ಟಿಗೆ ಮೇಲಕ್ಕೆ ಎತ್ತಿದಳು. ಬಳೆಗಳೆಲ್ಲ ಮೊಣಕೈವರೆಗೆ ಜಾರಿದವು. ಥೆರಪಿಯವಳಿಗೆ ಖುಷಿಯೋ ಖುಷಿ. ಇದೇ, ಇದನ್ನೇ ನಾನು ಇಷ್ಟು ದಿನ ಮಾಡಿಸಲು ನೋಡಿದ್ದು, ದಿನಾ ಹೀಗೇ ಮಾಡಿಸಿ ಎಂದಳು. ಅಕ್ಕನ ಕಿವಿಗೆ ಮನೆಯಲ್ಲಿ ಕೊನೆಗೆ ಬಿದ್ದ ಮಾತು ಅದು ಎಂದು ಅವಳಿಗೆ ನಾನು ಹೇಳಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮ ಅಕ್ಕನನ್ನು ಎಬ್ಬಿಸಿದಳು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಏಳು ಮಗಾ, ಏಳು. ಅಕ್ಕ ಏಳುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆ ಕೈಗೆ ಜೀವ ಬಂದಷ್ಟೂ ಅದು ಅಮ್ಮನದಾಗುತ್ತದೆ, ಅಮ್ಮನದಾದಷ್ಟೂ ಅಕ್ಕನದಲ್ಲ. ಅಮ್ಮ ಗೊತ್ತಿಲ್ಲದೆ ಮಗಳನ್ನು ಮತ್ತೊಮ್ಮೆ ಹೊಳೆಗೆ ಕಳಿಸುತ್ತಿದ್ದಳು, ನಾನು ಗೊತ್ತಿದ್ದೂ ಕಳಿಸುತ್ತಿದ್ದೆ. ಬಿಡಲು ಆಗುತ್ತಿತ್ತೇ? ಕೈ ಬೇಕಿತ್ತು. ಒಂದು ಬೆಳಿಗ್ಗೆ ಅಮ್ಮ ಇನ್ನೂ ಎದ್ದಿರಲಿಲ್ಲ, ಬಳೆ ತಾನಾಗಿ ಕಿಣಿಕಿಣಿ ಎಂದಿತು. ಓಡಿ ಬಂದು ನೋಡಿದರೆ ಬೆರಳುಗಳು ಚಾಪೆಯ ಅಂಚನ್ನು ಮೆಲ್ಲಗೆ ಕೆರೆಯುತ್ತಿದ್ದವು. ನಾನು ಸಂತೋಷ ಪಡಬೇಕಿತ್ತು. ಆ ಬೆರಳುಗಳನ್ನು ನನ್ನ ಅಂಗೈಯಲ್ಲಿ ಮುಚ್ಚಿ ಹಿಡಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಕೋಲು ಹಿಡಿದು ಅಡುಗೆಮನೆಗೆ ಬರತೊಡಗಿದಳು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು ತಾನೇ ಗಂಜಿ ಬಗ್ಗಿಸಲು ಹೋದಳು. ಪಾತ್ರೆ ವಾಲಿ ಬಿಸಿ ತಿಳಿ ಎಡಗೈ ಮೇಲೆ ಚೆಲ್ಲಿತು. ಅಮ್ಮ ಅಯ್ಯೋ ಎಂದು ಕೈ ಎಳೆದುಕೊಂಡಳು. ಬಲಗೈಯಿಂದ ಎತ್ತಿದ್ದಲ್ಲ, ಆ ಕೈಯೇ ಎದ್ದು ಎದೆಗೆ ಬಂತು. ನಾನು ತಣ್ಣೀರು ಹಾಕಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಅಮ್ಮ ಆ ಕೈಯನ್ನೇ ನೋಡುತ್ತಾ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಅಕ್ಕ ಉಂಡಳೋ ಎಂದು ಆ ದಿನ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಕರೆದಳು.

"ಸುಟ್ಟದ್ದು ನಂಗೆ," ಎಂದಳು.

ಹೌದು ಎಂದೆ.

"ಹಾಂಗಾರೆ ಅವ್ಳೆಲ್ಲಿ?"

ನಾನು ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಬಳಚಿಗೆ ಹೋದದ್ದು, ಉಬ್ಬರ ಬಂದದ್ದು, ಮರುದಿನ ಸಿಕ್ಕಿದ್ದು, ಹೊನ್ನೆ ಮರ. ಅಮ್ಮ ಬೇರೆ ಯಾರದೋ ಮನೆಯ ಸುದ್ದಿ ಕೇಳುವ ಹಾಗೆ ಕೇಳಿದಳು. ಬಳೆ ಹಾಕಿ ಕಳಿಸಿದ್ದೆವೋ ಎಂದು ಕೇಳಿದಳು. ಇಲ್ಲ ಎಂದೆ.

"ಅವತ್ತು ಎಬ್ಸಿದ್ದು ನಾನೇ ಅಲ್ದಾ," ಎಂದಳು.

ಆಮೇಲೆ ಅತ್ತಳು. ಇಪ್ಪತ್ತು ವರ್ಷದ ಹಿಂದೆ ಮರದ ಬುಡದಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಆಚೀಚೆ ಮನೆಯವರು ಅಮ್ಮನಿಗೇನೋ ಆಯಿತೆಂದು ಓಡಿ ಬಂದರು. ನಾನು ಅವರನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದೆ. ಅವರು ಹೋದ ಮೇಲೆ ಅಮ್ಮ ಸೋಪು ತರಿಸಿಕೊಂಡಳು. ಒಡೆಯುವುದು ಬೇಡ, ಅವಳ ಬಳೆ ಎಂದಳು. ಹೆಬ್ಬೆರಳನ್ನು ಒಳಕ್ಕೆ ಮಡಿಚಬೇಕು, ಥೆರಪಿಯವಳು ಎಷ್ಟು ಹೆಣಗಿದರೂ ಬಾರದ ಕೆಲಸ ಅದು. ಆ ಸಂಜೆ ಅಮ್ಮ ತಾನೇ ಮಡಿಚಿದಳು. ಬಳೆಗಳು ಒಂದೂ ಒಡೆಯದೆ ಹೊರಬಂದವು. ಈಗ ನನ್ನ ಕಪಾಟಿನಲ್ಲಿವೆ.

ಅಮ್ಮ ಈಗ ಕೋಲಿಲ್ಲದೆ ನಡೆಯುತ್ತಾಳೆ. ಅಕ್ಕನ ಮಾತು ಮತ್ತೆ ಎತ್ತಿಲ್ಲ. ಕೊಯ್ಯುವ ಕೋಣೆಯ ದಾರಿಗೆ ನಮ್ಮ ಕೇರಿಯ ಇನ್ನೂ ಕೆಲವರು ಕಾರ್ಡು ಹಿಡಿದು ಹೋಗತೊಡಗಿದ್ದಾರೆ, ದಾರಿ ತೋರಿಸಲು ನನ್ನನ್ನು ಕರೆಯುತ್ತಾರೆ. ಎಲ್ಲ ಸರಿಯಾಯಿತಲ್ಲ ಎನ್ನುತ್ತಾರೆ. ಆತು ಎನ್ನುತ್ತೇನೆ.

ಮೊನ್ನೆ ಮುಸ್ಸಂಜೆ ಕರೆಂಟು ಹೋಗಿತ್ತು. ಅಮ್ಮ ಜಗಲಿಯಲ್ಲಿ ಕೂತು ಎರಡೂ ಕೈಯಿಂದ ಶೆಟ್ಲಿ ಮೀನಿನ ಸಿಪ್ಪೆ ಸುಲಿಯುತ್ತಿದ್ದಳು. ನಾನು ಹೋಗಿ ಅವಳ ಎಡಗಡೆ ಕೂತೆ. ಏನು ತೋಚಿತೋ, ಆ ಕೈಯನ್ನು ಹಿಡಿದುಕೊಂಡು, ಅಮ್ಮನಿಗೆ ಕೇಳದ ಹಾಗೆ, ಅಕ್ಕಾ ಎಂದು ಒಮ್ಮೆ ಕರೆದೆ. ಅಮ್ಮ ಕೈ ಕಿತ್ತುಕೊಂಡಳು.

"ಬಿಡೇ ಮಾರಾಯ್ತಿ, ಅದು ನನ್ ಕೈ," ಎಂದು ಇನ್ನೊಂದು ಶೆಟ್ಲಿ ಎತ್ತಿಕೊಂಡಳು.

ಎಷ್ಟು ಬಿಗಿಯಾಗಿ ಹಿಡಿದಿದ್ದೆ ನಾನು. ಆದರೂ ಕಿತ್ತುಕೊಂಡಳು, ಆ ಕೈಗೆ ಈಗ ಅಷ್ಟು ಬಲ ಬಂದಿದೆ.